ಎಲೆ ಎಣಿಸುವ ವೇಗ ಎಲ್ಲಿಂದ ಬರುತ್ತದೆ?

ದೀಪಾವಳಿ ಹತ್ತಿರ ಬಂತೆಂದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಓಣಿಗಳಲ್ಲಿ ಇಸ್ಪೀಟ್ ಎಲೆಗಳು ಹೊರಬರುತ್ತವೆ. ಹಣ ಕಟ್ಟಿ ಆಡುವವರು ಹೆಚ್ಚಾಗಿ ಕೂರುವುದು ಅಂದರ್-ಬಾಹರ್‌ಗೆ. ಒಂದು ಎಲೆ ತೆರೆದಿಟ್ಟು, ಅದರ ಜೋಡಿ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂದು ಪಣ ಕಟ್ಟುವ ಆಟ ಇದು. ‘ಮೂರು ಸಲ ಒಳಗ ಬಿತ್ತು, ಈ ಸಲ ಹೊರಗ ಬೀಳಾಕಬೇಕು’ ಎಂಬ ಮಾತು ಇಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಕೇಳಲು ಲೆಕ್ಕದಂತಿದ್ದರೂ ಇದರಲ್ಲಿ ಲೆಕ್ಕವಿಲ್ಲ. ತೆರೆದ ಎಲೆಯ ಜೋಡಿಗಳು ಮೂರು, ಉಳಿದ ಎಲೆಗಳು 51. ಮೊದಲ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆಯ ಗೆಲುವಿನ ಸಾಧ್ಯತೆ ನೂರಕ್ಕೆ 51.5, ಇನ್ನೊಂದು ಕಡೆಯದು 48.5. ಮುಂದಿನ ಆಟಕ್ಕೆ ಎಲೆ ಮತ್ತೆ ಕಲೆಸುತ್ತಾರೆ, ಹಿಂದಿನದೆಲ್ಲ ಅಳಿಸಿಹೋಗುತ್ತದೆ. ಎಷ್ಟೇ ಚುರುಕಾದ ನೆನಪಿದ್ದರೂ ಇಲ್ಲಿ ಅದಕ್ಕೆ ಕೆಲಸವಿಲ್ಲ.

ನೆನಪಿಗೆ ನಿಜಕ್ಕೂ ಕೆಲಸವಿರುವ ಆಟವೂ ಒಂದಿದೆ, ಬ್ಲ್ಯಾಕ್‌ಜಾಕ್. ಅದರಲ್ಲಿ ಬಿದ್ದ ಎಲೆಗಳನ್ನು ಎಣಿಸುತ್ತ ಹೋಗುವ ವಿದ್ಯೆಯೊಂದು 60 ವರ್ಷಗಳಿಂದ ಬೆಳೆದುಬಂದಿದೆ. ಅರ್ಧ ನಿಮಿಷದಲ್ಲಿ 52 ಎಲೆಗಳ ಕಟ್ಟನ್ನು ಎಣಿಸಿ ಮುಗಿಸುವವರನ್ನು ಕಂಡರೆ ನಮಗೆ ಪವಾಡವೆನಿಸುತ್ತದೆ. ಆ ವೇಗದ ಹಿಂದೆ ಪವಾಡವೇನೂ ಇಲ್ಲ. ಯಾರಿಗೂ ಕೈಗೆಟುಕುವ, ವಿಜ್ಞಾನ ಚೆನ್ನಾಗಿ ಅರ್ಥಮಾಡಿಕೊಂಡಿರುವ ಅಭ್ಯಾಸದ ಕ್ರಮವಿದೆ. ಅದನ್ನು ತಿಳಿಯುವುದು ಜೂಜಾಡುವವರಿಗಿಂತ ಕಲಿಯುವ ಮಕ್ಕಳಿಗೆ ಹೆಚ್ಚು ಉಪಯೋಗವೆಂದು ನನ್ನ ನಂಬಿಕೆ.

ಬಿದ್ದ ಎಲೆ ಹೇಳುವ ಸುದ್ದಿ

ಬ್ಲ್ಯಾಕ್‌ಜಾಕ್‌ನಲ್ಲಿ ಎಲೆಗಳ ಮೊತ್ತ 21 ದಾಟದಂತೆ, ಎಲೆ ಹಂಚುವ ಡೀಲರ್‌ಗಿಂತ ಮುಂದಿರಬೇಕು. ರಾಜ, ರಾಣಿ, ಗುಲಾಮನಿಗೆ ತಲಾ 10. ಎಕ್ಕಕ್ಕೆ 1 ಅಥವಾ 11. ಮೊದಲ ಎರಡೇ ಎಲೆಗಳಲ್ಲಿ ಎಕ್ಕವೂ ಹತ್ತರ ಬೆಲೆಯ ಎಲೆಯೂ ಬಂದರೆ ಅದೇ ಬ್ಲ್ಯಾಕ್‌ಜಾಕ್. ಹಳೆಯ ನಿಯಮದಂತೆ ಕಟ್ಟಿದ ಹಣಕ್ಕೆ ಒಂದೂವರೆ ಪಟ್ಟು ಸಿಗುತ್ತದೆ. ಮುಖ್ಯ ವಿಷಯವೆಂದರೆ, ಆಡಿ ಮುಗಿದ ಎಲೆಗಳನ್ನು ಪಕ್ಕಕ್ಕಿಟ್ಟು ಉಳಿದವುಗಳಿಂದಲೇ ಮುಂದಿನ ಸುತ್ತು ಹಂಚುತ್ತಾರೆ. ಆದ್ದರಿಂದ ಬಿದ್ದ ಪ್ರತಿ ಎಲೆಯೂ ಉಳಿದ ಕಟ್ಟಿನ ಬಗ್ಗೆ ಒಂದು ಸುದ್ದಿ ಹೇಳುತ್ತದೆ.

ಆ ಸುದ್ದಿ ಎಷ್ಟು ದೊಡ್ಡದು ನೋಡಿ. ಹೊಸ ಕಟ್ಟಿನಲ್ಲಿ ಬ್ಲ್ಯಾಕ್‌ಜಾಕ್ ಬೀಳುವ ಸಾಧ್ಯತೆ ನೂರಕ್ಕೆ 4.8. ಎರಡರಿಂದ ಆರರವರೆಗಿನ 20 ಸಣ್ಣ ಎಲೆಗಳೂ ಮೊದಲೇ ಹೊರಟುಹೋದವು ಎಂದುಕೊಳ್ಳಿ. ಉಳಿದ 32 ಎಲೆಗಳಲ್ಲಿ ಅದು ನೂರಕ್ಕೆ 12.9ಕ್ಕೆ ಏರುತ್ತದೆ. ನಾಲ್ಕೂ ಎಕ್ಕ ಹೋಗಿದ್ದರೆ ಸೊನ್ನೆ. ಬ್ಲ್ಯಾಕ್‌ಜಾಕ್ ಡೀಲರ್‌ಗೂ ಅಷ್ಟೇ ಸಲ ಬೀಳುತ್ತದೆ. ಆದರೆ ಅವನು ಗೆದ್ದಾಗ ನಮ್ಮ ಕೈಬಿಡುವುದು ಒಂದು ಪಾಲು, ನಾವು ಗೆದ್ದಾಗ ಬರುವುದು ಒಂದೂವರೆ ಪಾಲು. ಮೇಲಾಗಿ ಮೊತ್ತ 16 ಆಗಿದ್ದರೂ ಡೀಲರ್ ಇನ್ನೊಂದು ಎಲೆ ಎಳೆಯಲೇಬೇಕು. ದೊಡ್ಡ ಎಲೆಗಳೇ ತುಂಬಿರುವ ಕಟ್ಟಿನಲ್ಲಿ ಅವನು 21 ದಾಟಿ ಸೋಲುವುದು ಹೆಚ್ಚು.

ಇದನ್ನು ಕಂಪ್ಯೂಟರ್ ಲೆಕ್ಕದಿಂದ ತೋರಿಸಿದವರು ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್; 1962ರಲ್ಲಿ ಅದನ್ನೇ ಪುಸ್ತಕ ಮಾಡಿದರು. ಮರುವರ್ಷ ಹಾರ್ವೆ ಡಬ್ನರ್ ಸರಳ ವಿಧಾನವೊಂದನ್ನು ಮುಂದಿಟ್ಟರು. 2ರಿಂದ 6ರವರೆಗಿನ ಎಲೆ ಬಿದ್ದರೆ ಒಂದು ಕೂಡಿಸಬೇಕು. 10, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆಯಬೇಕು. 7, 8, 9 ಬಿದ್ದರೆ ಸುಮ್ಮನಿರಬೇಕು. ಕೂಡಿಸುವ ಎಲೆಗಳು 20, ಕಳೆಯುವ ಎಲೆಗಳು 20, ಲೆಕ್ಕಕ್ಕಿಲ್ಲದವು 12. ಹೀಗಾಗಿ ಕಟ್ಟು ಮುಗಿದಾಗ ಮೊತ್ತ ಸೊನ್ನೆಗೇ ಬರಬೇಕು. ತಲೆಯಲ್ಲಿ 52 ಎಲೆಗಳನ್ನು ಹೊತ್ತು ತಿರುಗಬೇಕಿಲ್ಲ, ಒಂದೇ ಒಂದು ಸಂಖ್ಯೆ ಸಾಕು. ಅದು ಏರಿದಷ್ಟೂ ಉಳಿದ ಕಟ್ಟಿನಲ್ಲಿ ದೊಡ್ಡ ಎಲೆಗಳು ಹೆಚ್ಚಿವೆ ಎಂದರ್ಥ.

ಮನೆಯಲ್ಲೇ ಪರೀಕ್ಷೆ

ಒಂದು ಕಟ್ಟು ಎಲೆ ತೆಗೆದುಕೊಳ್ಳಿ, ಜೋಕರ್ ಎತ್ತಿಡಿ, ಚೆನ್ನಾಗಿ ಕಲೆಸಿ. ನೋಡದೆ ಒಂದು ಎಲೆಯನ್ನು ಕವುಚಿ ಬದಿಗಿಡಿ. ಉಳಿದ 51ನ್ನು ಒಂದೊಂದಾಗಿ ತಿರುವುತ್ತ ಎಣಿಸಿ. ಕೊನೆಗೆ ಮೊತ್ತ +1 ಬಂದರೆ ಬದಿಗಿಟ್ಟದ್ದು ದೊಡ್ಡ ಎಲೆ. -1 ಬಂದರೆ ಸಣ್ಣದು. ಸೊನ್ನೆ ಬಂದರೆ 7, 8, 9ರಲ್ಲಿ ಒಂದು. ಎಲೆ ತಿರುವಿ ನೋಡಿದರೆ ನಿಮ್ಮ ಲೆಕ್ಕದ ಸರಿ-ತಪ್ಪು ಅಲ್ಲೇ ಗೊತ್ತಾಗುತ್ತದೆ. ಅಭ್ಯಾಸಕ್ಕೆ ಇಷ್ಟು ಬೇಗ, ಇಷ್ಟು ಖಚಿತವಾಗಿ ಉತ್ತರ ಕೊಡುವ ಸಾಧನ ಅಪರೂಪ.

ಮೊದಲ ಸಲ ನಿಧಾನವಾಗಿಯೇ ಸಾಗುತ್ತದೆ. ಮನಸ್ಸಿನೊಳಗೆ ‘ಐದು, ಅಂದರೆ ಸಣ್ಣದು, ಕೂಡಿಸು, ಎರಡಿತ್ತು, ಮೂರಾಯಿತು’ ಎಂಬ ಮಾತು ನಡೆದಿರುತ್ತದೆ. ಪಳಗಿದವರು ಎರಡೆರಡು ಎಲೆ ಒಟ್ಟಿಗೆ ತಿರುವುತ್ತಾರೆ. ರಾಜನೂ ನಾಲ್ಕೂ ಜೊತೆಯಾಗಿ ಕಂಡರೆ ಒಂದಕ್ಕೊಂದು ವಜಾ, ಮೊತ್ತ ಮುಟ್ಟುವುದೇ ಬೇಡ. ಮೂರೂ ಆರೂ ಕಂಡರೆ ನೇರ +2. ಕೂಡಿಸುವ ಕೆಲಸವೇ ಅರ್ಧಕ್ಕಿಳಿಯುತ್ತದೆ. ಒಂದು ಕಟ್ಟನ್ನು 25-30 ಸೆಕೆಂಡಿನಲ್ಲಿ ಮುಗಿಸುವುದು ಈ ವಿದ್ಯೆಯವರು ಇಟ್ಟುಕೊಳ್ಳುವ ಗುರಿ. ಅಂದರೆ ಎಲೆಗೊಂದಕ್ಕೆ ಸುಮಾರು ಅರ್ಧ ಸೆಕೆಂಡು.

ಗಡಿಬಿಡಿ ಮಾಡಿದರೆ ಕೆಟ್ಟಿತು. ನೂರು ಎಲೆಗೆ 99 ಸರಿ ಎಣಿಸುವವರು ಜಾಣರೇ ಸರಿ. ಆದರೂ 52 ಎಲೆಗಳನ್ನು ಒಂದೂ ತಪ್ಪಿಲ್ಲದೆ ಮುಗಿಸುವ ಸಾಧ್ಯತೆ ಅವರಿಗೆ ನೂರಕ್ಕೆ 59 ಮಾತ್ರ. ಆರು ಕಟ್ಟು ಬೆರೆಸಿದ 312 ಎಲೆಗಳಲ್ಲಾದರೆ ನೂರಕ್ಕೆ ನಾಲ್ಕು. ಒಮ್ಮೆ ತಪ್ಪಿದ ಮೊತ್ತ ಕೊನೆಯವರೆಗೂ ತಪ್ಪಾಗಿಯೇ ಹೋಗುತ್ತದೆ. ಮೊದಲು ತಪ್ಪಿಲ್ಲದ ಎಣಿಕೆ, ಆಮೇಲೆ ವೇಗ ಎನ್ನುವುದು ಈ ಕಾರಣಕ್ಕೆ.

ಮಿದುಳು ಮಾಡುವ ಕೆಲಸ

ಅಭ್ಯಾಸದಿಂದ ಒಳಗೆ ಬದಲಾಗುವುದು ಏನು? 1977ರಲ್ಲಿ ವಾಲ್ಟರ್ ಶ್ನೈಡರ್, ರಿಚರ್ಡ್ ಶಿಫ್ರಿನ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗಗಳಲ್ಲಿ ಇದಕ್ಕೆ ಉತ್ತರವಿದೆ. ಪರದೆಯ ಮೇಲೆ ಮಿಂಚಿ ಮಾಯವಾಗುವ ಅಕ್ಷರಗಳಲ್ಲಿ ಕೆಲವನ್ನು ಹುಡುಕುವ ಕೆಲಸ ಅದು. ಹುಡುಕಬೇಕಾದ ಅಕ್ಷರಗಳು ಯಾವತ್ತೂ ಅವೇ ಆಗಿದ್ದಾಗ, ಸಾವಿರಾರು ಸಲದ ಅಭ್ಯಾಸದ ನಂತರ ಕೆಲಸ ತಾನಾಗಿ ಆಗತೊಡಗಿತು. ಗಮನ ಕೊಡುವ ಶ್ರಮವೇ ಇಳಿಯಿತು. ಇವತ್ತು ಹುಡುಕಬೇಕಾದದ್ದು ನಾಳೆ ಬಿಡಬೇಕಾದದ್ದು ಎಂಬಂತೆ ಅದಲುಬದಲಾಗುತ್ತಿದ್ದಾಗ ಎಷ್ಟು ದುಡಿದರೂ ಆ ಸಲೀಸು ಬರಲಿಲ್ಲ. ತಾನಾಗಿ ಆಗುತ್ತಿದ್ದ ಕೆಲಸದ ನಿಯಮವನ್ನು ತಲೆಕೆಳಗು ಮಾಡಿದಾಗಲಂತೂ, ಹಳೆಯ ರೂಢಿ ಬಿಡಿಸಿ ಹೊಸದನ್ನು ಕೂಡಿಸಲು ಎರಡು ಸಾವಿರಕ್ಕೂ ಹೆಚ್ಚು ಸಲ ಮತ್ತೆ ದುಡಿಯಬೇಕಾಯಿತು.

ಎಲೆ ಎಣಿಕೆ ಸಲೀಸಾಗುವ ಗುಟ್ಟು ಇಲ್ಲಿದೆ. ಐದು ಯಾವತ್ತಿದ್ದರೂ +1, ರಾಣಿ ಯಾವತ್ತಿದ್ದರೂ -1. ಕಂಡದ್ದಕ್ಕೂ ಮಾಡುವುದಕ್ಕೂ ಇರುವ ನಂಟು ಎಂದೂ ಬದಲಾಗುವುದಿಲ್ಲ. ಹಾಗಾಗಿ ನಡುವಿನ ಯೋಚನೆ ಕ್ರಮೇಣ ಕಳಚಿಬೀಳುತ್ತದೆ. ಕಣ್ಣು ಎಲೆ ಕಂಡೊಡನೆ ಮೊತ್ತ ಬದಲಾಗಿರುತ್ತದೆ.

ಈ ಸಲೀಸು ಒಂದೇ ಅಳತೆಯಲ್ಲಿ ಬರುವುದಿಲ್ಲ. ಮೊದಮೊದಲು ವೇಗ ದಡಬಡ ಏರುತ್ತದೆ, ಆಮೇಲೆ ಏರಿಕೆ ಸಣ್ಣದಾಗುತ್ತದೆ, ಆದರೆ ನಿಲ್ಲುವುದಿಲ್ಲ. ಸಿಗಾರ್ ಕಾರ್ಖಾನೆಯ ಕೆಲಸಗಾರರ ಕೈವೇಗವನ್ನು ಅಳೆದ ಕ್ರಾಸ್‌ಮನ್ 1959ರಲ್ಲಿ ತೋರಿಸಿದ್ದು ಇದನ್ನೇ. ಲಕ್ಷಗಟ್ಟಲೆ ಸಿಗಾರ್ ಮಾಡಿದವರ ಕೈಯೂ ಇನ್ನಷ್ಟು ಚುರುಕಾಗುತ್ತಲೇ ಇತ್ತು. ಎರಡು ವಾರ ಕೂತು ‘ಇನ್ನು ನನ್ನಿಂದಾಗದು’ ಎನ್ನುವ ವಿದ್ಯಾರ್ಥಿ ಈ ಸಂಗತಿಯನ್ನು ಅಗತ್ಯವಾಗಿ ತಿಳಿಯಬೇಕು.

ಪುಣ್ಯಾಶ್ರಮದ ಹದಿನಾರು ಮಾತ್ರೆ

ಎಣಿಕೆ ತಾನಾಗಿ ನಡೆಯುವುದನ್ನು ನೋಡಲು ಗದುಗಿನವರು ದೂರ ಹೋಗಬೇಕಿಲ್ಲ. ಪಂಚಾಕ್ಷರ ಗವಾಯಿಗಳು ಕಟ್ಟಿದ, ಅವರು 1944ರಲ್ಲಿ ಲಿಂಗೈಕ್ಯರಾದ ಮೇಲೆ 2010ರವರೆಗೆ ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಇಲ್ಲೇ ಇದೆ. ಗುರುಗಳಿಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಅವರ ಬಳಿ ಕಲಿತ ಎಷ್ಟೋ ಅಂಧ ಮಕ್ಕಳು ಗಾಯಕರಾದರು, ತಬಲಾ ವಾದಕರಾದರು.

ತೀನ್‌ತಾಳದಲ್ಲಿ 16 ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ವಿಭಾಗ. ಗಾಯಕ ಆಲಾಪ, ತಾನ್‌ಗಳಲ್ಲಿ ಎಲ್ಲಿಗೇ ಹೋಗಲಿ, ಮೊದಲ ಮಾತ್ರೆಯಾದ ಸಮ್‌ಗೆ ಸರಿಯಾಗಿ ಬಂದು ಮುಟ್ಟಬೇಕು. ಬಾಯಲ್ಲಿ ರಾಗವಿರುವಾಗ ಮನಸ್ಸಿನಲ್ಲಿ ಒಂದು, ಎರಡು, ಮೂರು ಎನ್ನುತ್ತ ಕೂತರೆ ಹಾಡಲು ಆಗುವುದಿಲ್ಲ. ಅದರ ಅಗತ್ಯವೂ ಇಲ್ಲ. ಮೂರನೆಯ ವಿಭಾಗ ಖಾಲಿ. ಅಲ್ಲಿ ‘ಧಿನ್ ಧಿನ್ ಧಾ’ ಹೋಗಿ ‘ತಿನ್ ತಿನ್ ತಾ’ ಬರುತ್ತದೆ, ಡಗ್ಗಾದ ತುಂಬು ನಾದ ನಿಲ್ಲುತ್ತದೆ. ಕಿವಿಗೆ ಅಷ್ಟೇ ಸಾಕು, ಆವರ್ತನದಲ್ಲಿ ತಾನೆಲ್ಲಿದ್ದೇನೆಂದು ತಿಳಿದುಬಿಡುತ್ತದೆ. ಠೇಕಾದ ಬೋಲು ಪ್ರತಿ ಆವರ್ತನದಲ್ಲೂ ಅದೇ ಜಾಗದಲ್ಲಿ ಬರುವುದರಿಂದ, ವರ್ಷಗಳ ರಿಯಾಜ್‌ನಲ್ಲಿ ಎಣಿಕೆ ಕಿವಿಯೊಳಗೆ ಇಳಿದಿರುತ್ತದೆ. ಗಾಯಕನ ಮನಸ್ಸು ಪೂರ್ತಿಯಾಗಿ ರಾಗಕ್ಕೆ ಸಿಗುತ್ತದೆ. ಎಲೆ ಎಣಿಸುವವರಿಗೂ ಇದೇ ಲಾಭ: ಎಣಿಕೆ ತಾನಾಗಿ ನಡೆಯುವಾಗ ಮನಸ್ಸು ಆಟದ ನಿರ್ಧಾರಕ್ಕೆ ಬಿಡುವಾಗುತ್ತದೆ.

ಹುಟ್ಟಿನಿಂದ ಬಂದದ್ದೇ?

ಶಕುಂತಲಾ ದೇವಿಯವರಂಥವರು ಹುಟ್ಟಾ ಪ್ರತಿಭೆಯಲ್ಲವೇ ಎಂದು ಕೇಳಬಹುದು. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರ ಶಕ್ತಿ ಮೊದಲು ಬೆಳಕಿಗೆ ಬಂದದ್ದೇ ಇಸ್ಪೀಟ್ ಎಲೆಗಳಿಂದ. ಸರ್ಕಸ್‌ನಲ್ಲಿದ್ದ ತಂದೆ ಎಲೆಗಳ ಕೈಚಳಕ ಕಲಿಸುವಾಗ, ಮೂರು ವರ್ಷದ ಮಗಳಿಗೆ ಸಂಖ್ಯೆಗಳು ನೆನಪಿರುವುದನ್ನು ಗಮನಿಸಿದರು. 1980ರ ಜೂನ್ 18ರಂದು ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಉತ್ತರ ಹೇಳಿದರು. ಮುಂದೆ ಮನೋವಿಜ್ಞಾನಿ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿ 1990ರಲ್ಲಿ ವರದಿ ಪ್ರಕಟಿಸಿದರು. ದೀಪ ಹೊತ್ತಿದೊಡನೆ ಗುಂಡಿ ಒತ್ತುವಂಥ ಸರಳ ಕೆಲಸಗಳಲ್ಲಿ ಅವರ ವೇಗ ಅಸಾಧಾರಣವಾಗೇನೂ ಇರಲಿಲ್ಲ. ಅವರ ಅಗಾಧ ವೇಗ ಸಂಖ್ಯೆಗಳ ಲೋಕಕ್ಕೆ ಸೇರಿದ್ದು. ಬಾಲ್ಯದಿಂದ ಸಂಖ್ಯೆಗಳ ನಡುವೆಯೇ ಕಳೆದ ಬದುಕು ಅದಕ್ಕೆ ನೀರೆರೆದಿತ್ತು.

ಅಮೆರಿಕದ ಸಾಧಾರಣ ಕಾಲೇಜು ವಿದ್ಯಾರ್ಥಿಯೊಬ್ಬನ ಕಥೆಯೂ ಇದಕ್ಕೆ ಹೊಂದುತ್ತದೆ. ಒಮ್ಮೆ ಕೇಳಿದ ಏಳು ಅಂಕಿಗಳನ್ನಷ್ಟೇ ಒಪ್ಪಿಸಬಲ್ಲವನಾಗಿದ್ದ ಅವನು, ಸುಮಾರು 230 ಗಂಟೆಗಳ ಅಭ್ಯಾಸದ ನಂತರ 79 ಅಂಕಿ ಒಪ್ಪಿಸಿದ. ಅವನು ಓಟಗಾರ, ಅಂಕಿಗಳನ್ನು ಓಟದ ಸಮಯಗಳಾಗಿ ಗುಂಪು ಕಟ್ಟಿಕೊಳ್ಳುತ್ತಿದ್ದ. ಅಕ್ಷರಗಳನ್ನು ಕೊಟ್ಟಾಗ ಮತ್ತೆ ಆರಕ್ಕೇ ನಿಂತ. 1980ರಲ್ಲಿ ಎರಿಕ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಈ ಫಲಿತಾಂಶದಲ್ಲಿ ಎಚ್ಚರಿಕೆಯೂ ಇದೆ. ಅಭ್ಯಾಸ ಯಾವುದರಲ್ಲೋ ವೇಗವೂ ಅದರಲ್ಲೇ. ಎಲೆ ಎಣಿಸಿದ ಮಾತ್ರಕ್ಕೆ ಮಗ್ಗಿ ಬರುವುದಿಲ್ಲ.

ಹಣದ ಲೆಕ್ಕ

ಈ ವೇಗದಿಂದ ಹಣ ಬರುತ್ತದೆಯೇ? ಒಳ್ಳೆಯ ಎಣಿಕೆಗಾರನಿಗೆ ಸಿಗುವ ಮೇಲುಗೈ ನೂರು ರೂಪಾಯಿಗೆ ಸುಮಾರು ಒಂದು ರೂಪಾಯಿ. ನೂರು ರೂಪಾಯಿಯಂತೆ 10,000 ಸುತ್ತು ಆಡಿದರೆ ಸರಾಸರಿ ಲಾಭ 10,000 ರೂಪಾಯಿ. ಆದರೆ ಅದೃಷ್ಟದ ಏರಿಳಿತ ಅದಕ್ಕಿಂತ ದೊಡ್ಡದು, ಸುಮಾರು 11,500. ಹೀಗಾಗಿ ಒಂದೂ ತಪ್ಪಿಲ್ಲದೆ ಎಣಿಸಿದರೂ ಐವರಲ್ಲಿ ಒಬ್ಬ ನಷ್ಟದಲ್ಲೇ ಇರುತ್ತಾನೆ. ಮೇಲಿಂದ ಕ್ಯಾಸಿನೊಗಳು ಆರೆಂಟು ಕಟ್ಟು ಬೆರೆಸುತ್ತವೆ, ಎಲೆಗಳನ್ನು ಬಿಡುವಿಲ್ಲದೆ ಕಲೆಸುವ ಯಂತ್ರ ಇಡುತ್ತವೆ. ಅಂಥ ಯಂತ್ರದ ಮುಂದೆ ಎಣಿಕೆಗೆ ಅರ್ಥವೇ ಉಳಿಯುವುದಿಲ್ಲ. ಗೋವಾದ ಮಾಂಡೋವಿ ನದಿಯ ಕ್ಯಾಸಿನೊ ಹಡಗು ಹತ್ತುವ ನಮ್ಮ ಕಡೆಯ ಹುಡುಗರು ಮೊದಲು ಈ ಲೆಕ್ಕ ಮಾಡಲಿ. ನಮ್ಮಲ್ಲಿ ಸಾರ್ವಜನಿಕ ಸ್ಥಳದಲ್ಲಿ ಹಣ ಕಟ್ಟಿ ಅಂದರ್-ಬಾಹರ್ ಆಡುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧ. ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು.

ಹಣವನ್ನು ಆಚೆಗಿಟ್ಟರೆ ಉಳಿಯುವ ವಿದ್ಯೆ ಬಹಳ ಚೆಲುವಾದದ್ದು. ಋಣ-ಧನ ಸಂಖ್ಯೆಗಳನ್ನು ಕಲಿಯುತ್ತಿರುವ ಆರನೆಯ, ಏಳನೆಯ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗುವುದು ಕಷ್ಟ. ಎಲೆಗಳನ್ನೇ ಮನೆಗೆ ತರಬಾರದೆನ್ನುವವರು ರಟ್ಟಿನ ಚೀಟಿಗಳ ಮೇಲೆ ಅಂಕಿ ಬರೆದುಕೊಳ್ಳಲಿ: 20 ಚೀಟಿಗೆ +1, 20ಕ್ಕೆ -1, 12ಕ್ಕೆ ಸೊನ್ನೆ. ಒಂದನ್ನು ಅಡಗಿಸಿಟ್ಟು ಅದೇನೆಂದು ಹೇಳುವ ಆಟ ಆಡಿಸಿ. ದಿನಕ್ಕೆ ಹತ್ತು ನಿಮಿಷ ಸಾಕು. ಮೊದಲ ವಾರ ಗಡಿಯಾರ ಬೇಡ, ತಪ್ಪು ನಿಂತ ಮೇಲೆ ಸಮಯ ಅಳೆಯಿರಿ, ದಿನದಿನದ ಸಮಯವನ್ನು ಮಗುವೇ ವಹಿಯಲ್ಲಿ ಬರೆದಿಡಲಿ. ತಿಂಗಳು ಕಳೆದಾಗ ಇಳಿದುಬಂದ ಆ ಅಂಕಿಗಳನ್ನು ನೋಡಿದ ಮಗುವಿಗೆ ‘ಗಣಿತ ನನ್ನ ತಲೆಗೆ ಹತ್ತುವುದಿಲ್ಲ’ ಎಂದು ಯಾರೂ ನಂಬಿಸಲಾರರು.