ಗದ್ದೆ, ತೋಟ, ಕಲ್ಲುಕೋರೆಗಳಲ್ಲಿ ತೊಡತಕ್ಕ ಪಾದರಕ್ಷೆಗಳು

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಕಾರ್ತಿ ಬೆಳೆಯ ಕೆಲಸವು ಮಳೆಗಾಲದೊಡನೆ ಮೊದಲಾಗುವುದು. ಇಲಿಜ್ವರದ ಭಯವೂ ಆ ದಿನಗಳಲ್ಲಿಯೇ ಹೆಚ್ಚು. ಇಲಿಗಳ ಮೂತ್ರದೊಡನೆ ಗದ್ದೆಯ ನೀರಿಗೆ ಸೇರುವ ಸೂಕ್ಷ್ಮಜೀವಿಗಳು ಕಾಲಿನ ಬಿರುಕು, ಗಾಯ ಮತ್ತು ನೆನೆದು ಮೆದುವಾದ ಚರ್ಮದ ಮೂಲಕ ದೇಹವನ್ನು ಹೊಗುತ್ತವೆ. ಚಿಕಿತ್ಸೆ ತಡವಾದರೆ ಮೂತ್ರಪಿಂಡಗಳೂ ಯಕೃತ್ತೂ ಕೆಟ್ಟು ಪ್ರಾಣಾಪಾಯವುಂಟಾಗುವುದುಂಟು. ಆಳುಗಳಿಗೆ ಪಾದರಕ್ಷೆ ಒದಗಿಸತಕ್ಕದ್ದೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಂಗಡಿಯಲ್ಲಿ ಕೈಗೆ ಸಿಕ್ಕಿದ ಜೋಡನ್ನೇ ಎಲ್ಲ ಕೆಲಸಕ್ಕೂ ಕೊಡುವುದು ಹಣವನ್ನು ಹೊಳೆಗೆ ಚೆಲ್ಲಿದಂತೆ.

ಭಾರತೀಯ ಮಾನಕ 15298ರ ಮೇರೆಗೆ ಕೆಲಸದ ಪಾದರಕ್ಷೆಗಳಲ್ಲಿ ಮೂರು ವರ್ಗಗಳಿವೆ. ‘ಎಸ್’ ವರ್ಗದವುಗಳ ಬೆರಳಿನ ಕವಚವು 200 ಜೂಲ್ ಪೆಟ್ಟನ್ನು, ಅಂದರೆ 20 ಕಿಲೋ ತೂಕವು ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದ ಪೆಟ್ಟನ್ನು ತಾಳುವುದು. ‘ಪಿ’ ವರ್ಗಕ್ಕೆ ಅದರ ಅರ್ಧ. ‘ಓ’ ವರ್ಗಕ್ಕೆ ಕವಚವೇ ಬೇಕಾಗಿಲ್ಲ. ಅಕ್ಷರದ ಮುಂದಿನ ಅಂಕೆಯು ಇತರ ಗುಣಗಳನ್ನು ತಿಳಿಸುತ್ತದೆ: 4 ಮತ್ತು 5 ಪೂರ್ಣವಾಗಿ ರಬ್ಬರು ಅಥವಾ ಪ್ಲಾಸ್ಟಿಕ್ಕಿನವು, 3 ಮತ್ತು 5 ಇದ್ದಲ್ಲಿ ಮೊಳೆ ಚುಚ್ಚದಂತೆ ಅಟ್ಟೆಯಲ್ಲಿ ತಡೆಯಿರುವುದು.

ಮುರಕಲ್ಲಿನ ಕೋರೆಯಲ್ಲಿ ಕಲ್ಲು ಕಾಲ ಮೇಲೆ ಬೀಳುವ ಸಂಭವವಿರುವುದರಿಂದ ‘ಎಸ್ 3’ಕ್ಕಿಂತ ಕಡಿಮೆಯದು ಸಲ್ಲದು. ಹಂಚಿನ ಕಾರ್ಖಾನೆಯ ಒಡಕುಗಳ ನಡುವೆಯೂ ಅದೇ ಯೋಗ್ಯ. ಅಡಿಕೆತೋಟದಲ್ಲಿ ಬೋರ್ಡೋ ದ್ರಾವಣವನ್ನು ಕದಡುವವನಿಗೆ ಚರ್ಮದ ಜೋಡು ತಕ್ಕದ್ದಲ್ಲ, ಮೈಲುತುತ್ತೂ ಸುಣ್ಣವೂ ಅದನ್ನು ಕೆಡಿಸುವುವು. ಅವನಿಗೆ ‘ಓ 4’ರ ಎತ್ತರದ ಬೂಟು ಸಾಕು, ದ್ರಾವಣವು ಒಳಗೆ ಇಳಿಯದಂತೆ ಷರಾಯಿಯ ತುದಿಯನ್ನು ಬೂಟಿನ ಹೊರಗೆ ಬಿಡತಕ್ಕದ್ದು. ಅಂಚು ಕಡಿಯುವ, ತೋಡು ಬಿಡಿಸುವ, ಗೊಬ್ಬರ ಹೊರುವ ಆಳುಗಳಿಗೂ ಇದೇ ಬೂಟು. ಹಾವಿನ ಕಡಿತವು ಸಾಮಾನ್ಯವಾಗಿ ಪಾದ ಮತ್ತು ಮೊಣಕಾಲ ಕೆಳಗೇ ಆಗುವುದರಿಂದ ಇದರ ಪ್ರಯೋಜನ ಎರಡು ಬಗೆ. ಮುಳ್ಳು, ಬಿದಿರಿನ ಕೂಳೆಗಳಿರುವಲ್ಲಿ ಮಾತ್ರ ‘ಓ 5’ನ್ನು ಕೊಳ್ಳುವುದು ಲೇಸು.

ನೇಜಿ ನೆಡುವ ಹೆಂಗಸರ ವಿಷಯ ಬೇರೆ. ಆಳವಾದ ಕೆಸರು ಬೂಟನ್ನು ಹಿಡಿದುಕೊಂಡು ಕಾಲನ್ನು ಮಾತ್ರ ಬಿಡುವುದು. ಬಲವಂತದಿಂದ ತೊಡಿಸಿದರೆ ಮರುದಿನ ಅದು ಅಂಚಿನ ಮೇಲಿರುವುದು. ಗಾಯವಿರುವವರನ್ನು ಅಂದು ಒಣ ಕೆಲಸಕ್ಕೆ ಹಚ್ಚಿ, ಉಳಿದವರಿಗೆ ಕೆಲಸ ಬಿಟ್ಟೊಡನೆ ಶುದ್ಧವಾದ ನೀರೂ ಸಾಬೂನೂ ದೊರೆಯುವಂತೆ ಮಾಡತಕ್ಕದ್ದು. ಜ್ವರ, ಮೀನಖಂಡದ ನೋವು ಕಂಡರೆ ಗದ್ದೆಯ ಕೆಲಸವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಪಂಪಿನ ಮನೆಗೆ ಹೋಗುವವರು ಇನ್ನೊಂದನ್ನು ತಿಳಿದಿರಬೇಕು. ಈ ಬೂಟುಗಳಲ್ಲಿ ಹೇಳುವ ‘ಆಂಟಿಸ್ಟ್ಯಾಟಿಕ್’ ಗುಣವು ಮೈಯಲ್ಲಿ ಕೂಡಿದ ಅಲ್ಪ ವಿದ್ಯುತ್ತನ್ನು ನೆಲಕ್ಕೆ ಹರಿಯಗೊಡುವುದೇ ಹೊರತು ತಂತಿಯ ಆಘಾತವನ್ನು ತಡೆಯುವುದಲ್ಲ. ಅದನ್ನು ನಂಬಿ ಒದ್ದೆ ನೆಲದಲ್ಲಿ ಮೋಟಾರು ಮುಟ್ಟಬಾರದು.

ಕೊಳ್ಳುವಾಗ ಐ.ಎಸ್.ಐ. ಗುರುತು, ಮಾನಕದ ಸಂಖ್ಯೆ, ವರ್ಗದ ಅಕ್ಷರ, ತಯಾರಾದ ವರ್ಷ ಇವು ಜೋಡಿನ ಮೇಲೆಯೇ ಇವೆಯೇ ಎಂದು ನೋಡಬೇಕು. ಪೆಟ್ಟಿಗೆಯ ಮೇಲಿನ ಬರಹ ಸಾಲದು. ಅಳತೆ ಆಳಿನದೇ ಇರಲಿ. ಬಳಸಿದ ಬೂಟನ್ನು ತೊಳೆದು ನೆರಳಿನಲ್ಲಿ ಬೋರಲಾಗಿ ಒಣಗಿಸಿ, ಮತ್ತೆ ತೊಡುವ ಮುನ್ನ ಕೊಡವಬೇಕು. ಮಳೆಗಾಲದಲ್ಲಿ ಚೇಳು, ಹಾವಿನ ಮರಿಗಳು ಅದರೊಳಗೆ ಸೇರುವುದುಂಟು.