ಅಂಗನವಾಡಿಗೆ ಸೇರಿದ ಮಗುವಿಗೆ ಪದೇ ಪದೇ ಶೀತಜ್ವರ ಏಕೆ?



ಜೂನ್ ತಿಂಗಳಿನಲ್ಲಿ ಮಗುವನ್ನು ಅಂಗನವಾಡಿಗೆ ಸೇರಿಸಿದಿರಿ. ಎರಡು ವಾರ ಕಳೆಯುವಷ್ಟರಲ್ಲಿ ಮೂಗು ಸೋರಿತು, ಜ್ವರ ಬಂತು. ಗುಣವಾಯಿತೆಂದು ಮತ್ತೆ ಕಳುಹಿಸಿದಿರಿ; ಹತ್ತು ದಿನದೊಳಗೆ ಮತ್ತೆ ಕೆಮ್ಮು. ಆಟಿ ತಿಂಗಳು ಮುಗಿಯುವುದರೊಳಗೆ ಮೂರು ಸಲ ಹೀಗಾಯಿತು. ಆಗ ಮನೆಯ ಹಿರಿಯರು ಹೇಳುತ್ತಾರೆ: "ಮನೆಯಲ್ಲಿದ್ದಾಗ ಗುಂಡುಕಲ್ಲಿನ ಹಾಗಿದ್ದ ಮಗು. ಇನ್ನು ಅಲ್ಲಿಗೆ ಕಳುಹಿಸುವುದೇ ಬೇಡ."

ಕೊಳೆರೋಗದ ಔಷಧಿಯ ವಿಷಯ ಮಾತನಾಡಲೆಂದು ತೋಟಗಳಿಗೆ ಹೋದಾಗ ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳ ಜಗಲಿಗಳಲ್ಲಿ ಈ ಮಾತನ್ನು ನಾನು ಕೇಳಿದ್ದೇನೆ. ನಾನು ಓದಿದ್ದು ಬೇಸಾಯದ ಡಿಪ್ಲೊಮಾ, ವೈದ್ಯನಲ್ಲ. ಆದರೆ ಆರೋಗ್ಯ ಇಲಾಖೆಯವರು ಹೇಳುತ್ತಿರುವ ಸಂಗತಿಗಳನ್ನು ತೋಟದ ಭಾಷೆಯಲ್ಲಿ ಹೇಳಿದರೆ ಪ್ರಯೋಜನವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಮಗುವನ್ನು ಬಿಡಿಸುವ ಮೊದಲು ಇದನ್ನು ಒಮ್ಮೆ ಓದಿ ನೋಡಿ.

ನಮ್ಮ ಕಡೆಯ ಮನೆಗಳ ರೀತಿಯನ್ನು ಮೊದಲು ಗಮನಿಸಬೇಕು. ಘಟ್ಟದ ಮೇಲಿನ ಬಯಲುಸೀಮೆಯ ಊರುಗಳಲ್ಲಿ ಮನೆಗೆ ಮನೆ ತಾಗಿರುತ್ತದೆ. ಮಗು ತೆವಳುವ ಕಾಲದಿಂದಲೇ ಕೇರಿಯ ಹತ್ತು ಮಕ್ಕಳ ನಡುವೆ ಬೆಳೆಯುತ್ತದೆ. ನಮ್ಮಲ್ಲಿ ಹಾಗಲ್ಲ. ಒಂದು ತೋಟಕ್ಕೆ ಒಂದು ಮನೆ, ಪಕ್ಕದ ಮನೆಗೆ ಹೋಗಬೇಕಾದರೆ ಗುಡ್ಡ ಇಳಿದು ತೋಡು ದಾಟಬೇಕು. ಹಿಂದೆ ಕೂಡುಕುಟುಂಬದಲ್ಲಿ ಏಳೆಂಟು ಮಕ್ಕಳಾದರೂ ಇರುತ್ತಿದ್ದರು. ಈಗ ಇರುವುದು ಒಂದು ಅಥವಾ ಎರಡು. ಆದ್ದರಿಂದ ಮೂರು ವರ್ಷದವರೆಗೆ ಮನೆಯ ನಾಲ್ಕು ಜನರ ಹೊರತು ಬೇರೆಯವರ ಉಸಿರು ತಾಗದೆ ಬೆಳೆದ ಮಗು ಒಮ್ಮೆಲೇ ಹದಿನೈದು ಇಪ್ಪತ್ತು ಮಕ್ಕಳ ಜೊತೆ ಕುಳಿತುಕೊಳ್ಳುತ್ತದೆ, ಅದೂ ಮಳೆಗಾಲದ ಬಾಗಿಲಿನಲ್ಲಿ.

ಶೀತವನ್ನು ತರುವುದು ಮಳೆಯ ನೀರಲ್ಲ, ವೈರಸ್ಸು ಎಂಬ ಅತಿಸೂಕ್ಷ್ಮ ರೋಗಾಣು. ಅವುಗಳಲ್ಲಿ ಒಂದೇ ಗುಂಪಾದ ರೈನೋ ವೈರಸ್ಸಿನಲ್ಲಿಯೇ ೧೬೦ಕ್ಕೂ ಹೆಚ್ಚು ಬಗೆಗಳಿವೆ. ಒಂದು ಬಗೆಯನ್ನು ಗೆದ್ದ ದೇಹಕ್ಕೆ ಇನ್ನೊಂದು ಬಗೆ ಹೊಸದೇ. ಹೀಗಾಗಿ ಆರೋಗ್ಯವಂತ ಚಿಕ್ಕ ಮಕ್ಕಳಿಗೂ ವರ್ಷಕ್ಕೆ ೬ರಿಂದ ೮ ಸಲ ಶೀತವಾಗುವುದು ಸಹಜ. ಹತ್ತಾರು ಮಕ್ಕಳೊಡನೆ ಬೆರೆಯುವ ಮೊದಲ ವರ್ಷದಲ್ಲಿ ಇದು ೧೦-೧೨ಕ್ಕೂ ಏರಬಹುದು. ಒಂದು ಶೀತಕ್ಕೆ ೭ರಿಂದ ೧೦ ದಿನ; ಕೆಮ್ಮು ಎರಡು ವಾರ ಎಳೆಯುವುದೂ ಉಂಟು. ಸ್ವಲ್ಪ ಲೆಕ್ಕ ಹಾಕಿ: ೮ ಶೀತ, ಒಂದೊಂದಕ್ಕೆ ೧೦ ದಿನ, ಒಟ್ಟು ೮೦ ದಿನ. ಇದರಲ್ಲಿ ಹೆಚ್ಚಿನವು ಮಳೆಗಾಲದಲ್ಲಿಯೇ ಬಂದರೆ ತಾಯಿಯ ಕಣ್ಣಿಗೆ ಮಗು ನಾಲ್ಕು ತಿಂಗಳೂ ಕಾಯಿಲೆಯಲ್ಲಿದ್ದಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಮನೆಯಲ್ಲೇ ಇರಿಸಿಕೊಂಡರೆ ಇದು ತಪ್ಪುತ್ತದೆಯೇ? ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಪಟ್ಟಣದಲ್ಲಿ ವೈದ್ಯರು ಸುಮಾರು ಒಂದು ಸಾವಿರ ಮಕ್ಕಳನ್ನು ಹುಟ್ಟಿನಿಂದ ೧೩ ವರ್ಷದವರೆಗೆ ಗಮನಿಸಿ ೨೦೦೨ರಲ್ಲಿ ವರದಿ ಪ್ರಕಟಿಸಿದರು. ಎಳವೆಯಲ್ಲಿಯೇ ದೊಡ್ಡ ಶಿಶುವಿಹಾರಕ್ಕೆ ಹೋದ ಮಕ್ಕಳಿಗೆ ಎರಡನೆಯ ವರ್ಷದಲ್ಲಿ ಶೀತ ಹೆಚ್ಚು. ಆದರೆ ೬ರಿಂದ ೧೧ ವರ್ಷದ ನಡುವೆ, ಮನೆಯಲ್ಲಿ ಬೆಳೆದವರಿಗಿಂತ ಕಡಿಮೆ. ೧೩ನೆಯ ವರ್ಷದಲ್ಲಿ ಇಬ್ಬರೂ ಸಮ. ಅಂದರೆ ಇಂದು ಬಿಡಿಸಿದರೆ ಈ ಶೀತಗಳಲ್ಲಿ ಬಹುಪಾಲು ಒಂದನೆಯ ತರಗತಿಗೆ ಮುಂದೂಡಲ್ಪಡುತ್ತವೆ, ಅಷ್ಟೆ. ಬಿಡಿಸಿದ್ದರಿಂದ ಆಗುವ ನಷ್ಟ ಮಾತ್ರ ಇಂದೇ ಆಗುತ್ತದೆ. ಅಂಗನವಾಡಿಯ ಊಟ, ಹಾಲು, ಮೊಟ್ಟೆ ತಪ್ಪುತ್ತದೆ. ತಿಂಗಳ ತೂಕ ನೋಡುವುದು ತಪ್ಪುತ್ತದೆ. ತಾಯಿಯ ದಿನದ ಸಂಬಳವೂ ತಪ್ಪುತ್ತದೆ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಈ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಆಗಲೂ ಆಟಪಾಠದಷ್ಟೇ ಮುಖ್ಯವಾಗಿದ್ದದ್ದು ಮಕ್ಕಳ ಪೌಷ್ಟಿಕತೆ ಮತ್ತು ಚುಚ್ಚುಮದ್ದು.

ಇನ್ನು ಔಷಧಿಯ ವಿಷಯ. ಬೇರುಹುಳ ಬಿದ್ದ ಅಡಿಕೆ ಮರಕ್ಕೆ ಬೋರ್ಡೊ ದ್ರಾವಣ ಸಿಂಪಡಿಸುವವರನ್ನು ಕಂಡರೆ ನೀವು ನಗುತ್ತೀರಿ. ಅದು ಕೊಳೆರೋಗದ ಶಿಲೀಂಧ್ರಕ್ಕೆ, ಹುಳಕ್ಕಲ್ಲ. ವೈರಸ್ಸಿನ ಶೀತಕ್ಕೆ ಆಂಟಿಬಯೋಟಿಕ್ ಕೊಡುವುದೂ ಅಂಥದೇ ಕೆಲಸ. ಅದು ಬ್ಯಾಕ್ಟೀರಿಯಾಗಳಿಗೆ ಮಾತ್ರ ನಾಟುತ್ತದೆ. ಹೋದ ಸಲ ಉಳಿದ ಬಾಟಲಿಯನ್ನು ಕಪಾಟಿನಿಂದ ತೆಗೆದು ಈ ಸಲವೂ ಕೊಡುವ ಪದ್ಧತಿಯನ್ನು ದಯಮಾಡಿ ಬಿಡಿ.

ಕೆಮ್ಮಿನ ಸಿರಪ್ಪಿನ ಬಗ್ಗೆ ಇದಕ್ಕಿಂತಲೂ ಎಚ್ಚರ ಬೇಕು. ೨೦೨೫ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ವಿಷಪದಾರ್ಥ ಬೆರೆತಿದ್ದ ಸಿರಪ್ಪು ಕುಡಿದು ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಆ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆಯು, ಎರಡು ವರ್ಷದ ಕೆಳಗಿನ ಮಕ್ಕಳಿಗೆ ಶೀತ-ಕೆಮ್ಮಿನ ಸಿರಪ್ಪು ಕೊಡಲೇಬಾರದು, ಐದು ವರ್ಷದ ಕೆಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ತಿಳಿಸಿತು. ಜ್ವರಕ್ಕೆ ಪ್ಯಾರಾಸಿಟಮೋಲ್ ಸಾಕು. ಅದರ ಅಳತೆ ಮಗುವಿನ ತೂಕದ ಮೇಲೆ ನಿಂತಿದೆ, ಆದ್ದರಿಂದ ಆರೋಗ್ಯ ಕೇಂದ್ರದಲ್ಲಿ ಕೇಳಿಕೊಂಡು ಬರೆದಿಟ್ಟುಕೊಳ್ಳಿ. ಆಸ್ಪಿರಿನ್ ಮಕ್ಕಳಿಗೆ ಕೂಡದು.

ಅಜ್ಜಿಯ ಮದ್ದಿನಲ್ಲಿ ಒಳ್ಳೆಯದು ಬಹಳ ಇದೆ. ಉಗುರುಬೆಚ್ಚನೆಯ ನೀರು, ಕುಚ್ಚಲಕ್ಕಿ ಗಂಜಿಯ ತಿಳಿ, ತುಳಸಿಯ ತೆಳು ಕಷಾಯ, ಒಂದು ವರ್ಷ ದಾಟಿದ ಮಗುವಿಗೆ ರಾತ್ರಿ ಅರ್ಧ ಚಮಚ ಜೇನು, ಇವು ಗಂಟಲಿಗೆ ಹಿತ. ಒಂದು ವರ್ಷದ ಒಳಗಿನ ಕೂಸಿಗೆ ಮಾತ್ರ ಜೇನು ಬೇಡ. ಅದರಿಂದ ಅಪಾಯಕರ ರೋಗ ಬರಬಹುದು. ಕುದಿಯುವ ಪಾತ್ರೆಯ ಮುಂದೆ ಮಗುವನ್ನು ಕೂರಿಸಿ ಹಬೆ ಹಿಡಿಸಬೇಡಿ. ಪಾತ್ರೆ ಮಗುಚಿದರೆ ಶೀತಕ್ಕಿಂತ ದೊಡ್ಡ ಸಂಕಟ. ಆಟಿ ಅಮಾವಾಸ್ಯೆಯ ಹಾಲೆ ಮರದ ಕೆತ್ತೆಯ ಕಷಾಯವನ್ನು ದೊಡ್ಡವರೇ ಮುಖ ಹಿಂಡಿ ಕುಡಿಯಲಿ, ಚಿಕ್ಕ ಮಕ್ಕಳನ್ನು ಬಿಟ್ಟುಬಿಡಿ.

ಆಸ್ಪತ್ರೆಗೆ ಯಾವಾಗ?

ಇದು ಈ ಲೇಖನದ ಮುಖ್ಯ ಭಾಗ. ಸಹಜವಾದ ಶೀತಗಳ ನಡುವೆ ಒಂದು ನ್ಯುಮೋನಿಯಾ ಅಡಗಿ ಬರುವುದುಂಟು. ಅದನ್ನು ಕಂಡುಹಿಡಿಯಲು ಮೈ ಬಿಸಿಗಿಂತ ಉಸಿರೇ ಒಳ್ಳೆಯ ಗುರುತು. ಮಗು ಅಳದೆ ಸುಮ್ಮನಿರುವಾಗ ಅಥವಾ ನಿದ್ರಿಸುವಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡಿ, ಪೂರಾ ಒಂದು ನಿಮಿಷ ಉಸಿರು ಎಣಿಸಿ. ೨ ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ ೫೦ ಅಥವಾ ಹೆಚ್ಚು, ೧ರಿಂದ ೫ ವರ್ಷದ ಮಗುವಿಗೆ ೪೦ ಅಥವಾ ಹೆಚ್ಚು ಉಸಿರು ಇದ್ದರೆ ಅದು ಬರಿಯ ಶೀತವಲ್ಲ. ಉಸಿರು ಎಳೆಯುವಾಗ ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಗುಳಿ ಬೀಳುತ್ತಿದ್ದರೆ ಎಣಿಸುತ್ತಾ ಕೂರಬೇಡಿ. ಮಗು ಹಾಲು-ನೀರು ಕುಡಿಯಲಾರದಿದ್ದರೆ, ಕುಡಿದುದನ್ನೆಲ್ಲ ವಾಂತಿ ಮಾಡಿದರೆ, ಸೆಳವು ಬಂದರೆ, ಎಬ್ಬಿಸಿದರೂ ಮಂಕಾಗಿ ಮಲಗಿದರೆ ಕೂಡಲೇ ಹೊರಡಬೇಕು. ಮೂರು ತಿಂಗಳೊಳಗಿನ ಕೂಸಿಗೆ ಜ್ವರವೊಂದೇ ಸಾಕು ಕಾರಣ; ಅಕ್ಕ ಅಥವಾ ಅಣ್ಣ ಅಂಗನವಾಡಿಯಿಂದ ತಂದ ಶೀತ ತೊಟ್ಟಿಲಿನ ಕೂಸಿಗೆ ಭಾರವಾಗಬಹುದು.

ನಮ್ಮ ಊರುಗಳಲ್ಲಿ ಇನ್ನೊಂದು ಲೆಕ್ಕವೂ ಇದೆ. ಆಟಿಯ ಮಳೆಯಲ್ಲಿ ತೋಡು ತುಂಬಿ ಕಾಲುಸಂಕದ ಮೇಲೆ ನೀರು ಹರಿಯುತ್ತಿರುವಾಗ ನಡುರಾತ್ರಿ ಮಗುವನ್ನು ಎತ್ತಿಕೊಂಡು ಹೊರಡುವುದು ಸುಲಭವಲ್ಲ. ಸಂದೇಹವಿದ್ದರೆ ಬೆಳಕಿರುವಾಗಲೇ, ಸಂಜೆ ನಾಲ್ಕರೊಳಗೆ ನಿರ್ಧಾರ ಮಾಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಪುತ್ತೂರು, ಸುಳ್ಯ, ಕಡಬದ ಸರಕಾರಿ ಆಸ್ಪತ್ರೆಗೋ ಹೋಗಿ. ವಾಹನವಿಲ್ಲದಿದ್ದರೆ ೧೦೮ಕ್ಕೆ ಕರೆ ಮಾಡಿ. ರಸ್ತೆ ಮನೆಯ ತನಕ ಬಾರದಿದ್ದರೆ ಯಾವ ಕಟ್ಟೆಯ ಬಳಿ ಕಾಯುತ್ತೀರಿ ಎಂಬುದನ್ನು ಸರಿಯಾಗಿ ಹೇಳಿ.

ಮೂಗು ಸೋರದೆ, ಕೆಮ್ಮಿಲ್ಲದೆ ಸುಡುವ ಜ್ವರ ಎರಡು ದಿನ ನಿಂತರೆ ಅದನ್ನು ಅಂಗನವಾಡಿಯ ಶೀತವೆಂದು ಕಡೆಗಣಿಸಬೇಡಿ. ಡೆಂಗ್ಯೂ ಇರಬಹುದು, ರಕ್ತಪರೀಕ್ಷೆ ಬೇಕು. ಡೆಂಗ್ಯೂ ಸೊಳ್ಳೆ ಹುಟ್ಟುವುದು ಬಹುಮಟ್ಟಿಗೆ ನಮ್ಮ ತೋಟದಲ್ಲೇ: ಬಿದ್ದ ಅಡಿಕೆ ಹಾಳೆಯಲ್ಲಿ, ತೆಂಗಿನ ಗೆರಟೆಯಲ್ಲಿ, ಟ್ಯಾಪಿಂಗ್ ನಿಲ್ಲಿಸಿದ ರಬ್ಬರು ಮರದ ಕಪ್ಪಿನಲ್ಲಿ. ವಾರಕ್ಕೊಮ್ಮೆ ಇವನ್ನೆಲ್ಲ ಮಗುಚಿ ಹಾಕಿದರೆ ಮೊಟ್ಟೆ ಸೊಳ್ಳೆಯಾಗಲು ಪುರಸೊತ್ತು ಸಿಗದು.

ಕೈ, ಕಾಲು, ಬಾಯಿಯಲ್ಲಿ ಸಣ್ಣ ನೀರುಗುಳ್ಳೆಗಳೇಳುವ ಜ್ವರವೂ ಈ ವಯಸ್ಸಿನ ಮಕ್ಕಳಲ್ಲಿ ಹರಡುತ್ತದೆ. ಹೆಸರು ಕೇಳಿ, ಹಟ್ಟಿಯ ದನದ ಕಾಲುಬಾಯಿ ರೋಗ ಮಗುವಿಗೆ ಬಂತೆಂದು ಹೆದರುವವರಿದ್ದಾರೆ. ಎರಡೂ ಬೇರೆ ಬೇರೆ ರೋಗ. ದನದಿಂದ ಮಗುವಿಗಾಗಲಿ ಮಗುವಿನಿಂದ ದನಕ್ಕಾಗಲಿ ಇದು ದಾಟುವುದಿಲ್ಲ. ೨೦೨೨ರ ಮೇ ತಿಂಗಳಿನಲ್ಲಿ ಕೇರಳದ ಕೊಲ್ಲಂನಲ್ಲಿ ಕಾಣಿಸಿಕೊಂಡು 'ಟೊಮೆಟೊ ಜ್ವರ'ವೆಂದು ಹೆಸರಾದದ್ದೂ ಬಹುಮಟ್ಟಿಗೆ ಇದೇ. ಹೆಚ್ಚಾಗಿ ಒಂದು ವಾರದಲ್ಲಿ ತಾನಾಗಿ ಮಾಯುತ್ತದೆ. ಬಾಯಿ ಹುಣ್ಣಿನಿಂದ ಮಗು ನೀರು ಬಿಡದಂತೆ ತಣ್ಣನೆಯ ಗಂಜಿ, ಎಳನೀರು ಕೊಡುತ್ತಿರಬೇಕು.

ಭೇದಿಯಾದರೆ ಓಆರ್‌ಎಸ್ ಪೊಟ್ಟಣವನ್ನು ಆಶಾ ಕಾರ್ಯಕರ್ತೆಯಲ್ಲಿ ಕೇಳಿ ಪಡೆಯಿರಿ. ಒಂದು ಲೀಟರಿನ ಪೊಟ್ಟಣಕ್ಕೆ ಕುದಿಸಿ ಆರಿಸಿದ ನೀರು ಸರಿಯಾಗಿ ಒಂದು ಲೀಟರು. ಅರ್ಧ ಪೊಟ್ಟಣ, ಅರ್ಧ ಲೋಟ ಎಂಬ ಅಂದಾಜು ಬೇಡ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನವರಿಗೆ ೫೦-೧೦೦ ಮಿಲಿಲೀಟರು, ದೊಡ್ಡ ಮಗುವಿಗೆ ೧೦೦-೨೦೦. ೨೪ ಗಂಟೆ ಕಳೆದರೆ ಉಳಿದುದನ್ನು ಚೆಲ್ಲಿಬಿಡಿ. ಇದರ ಜೊತೆ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ ೧೪ ದಿನ ಮುಗಿಸಬೇಕು. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿ ಬಿದ್ದರೆ ಮನೆಮದ್ದಿನ ಹೊತ್ತು ಮುಗಿಯಿತೆಂದು ತಿಳಿಯಿರಿ.

ಮುಂಚಿತವಾಗಿ ಮಾಡತಕ್ಕದ್ದು

ಕೊಳೆರೋಗಕ್ಕೆ ಮದ್ದು ಬಿಡುವುದು ಮಳೆ ಹಿಡಿಯುವ ಮೊದಲು. ಕಾಯಿ ಉದುರಿದ ಮೇಲಲ್ಲ. ಮತ್ತೆ ೪೦-೪೫ ದಿನಕ್ಕೆ ಎರಡನೆಯ ಸಿಂಪಡಣೆ. ಚುಚ್ಚುಮದ್ದಿನ ರೀತಿಯೂ ಇದೇ: ಕಾಲಕ್ಕೆ ಸರಿಯಾಗಿ, ಕಂತು ತಪ್ಪದೆ. ನ್ಯುಮೋನಿಯಾದ ಒಂದು ಮುಖ್ಯ ಕಾರಣವನ್ನು ತಡೆಯುವ ನ್ಯುಮೊಕಾಕಸ್ ಲಸಿಕೆ ೨೦೨೧ರಿಂದ ದೇಶದೆಲ್ಲೆಡೆ ಉಚಿತವಾಗಿ ಸಿಗುತ್ತಿದೆ. ೬ ವಾರ, ೧೪ ವಾರ ಮತ್ತು ೯ ತಿಂಗಳಿಗೆ. ಭೇದಿಯ ರೋಟಾ ಹನಿ ೬, ೧೦, ೧೪ ವಾರಕ್ಕೆ. ದಡಾರದ ಲಸಿಕೆ ೯ ತಿಂಗಳಿಗೆ ಒಮ್ಮೆ, ೧೬ರಿಂದ ೨೪ ತಿಂಗಳೊಳಗೆ ಇನ್ನೊಮ್ಮೆ. ಈ ಎರಡನೆಯದನ್ನು ಮರೆಯುವವರೇ ಹೆಚ್ಚು, ಏಕೆಂದರೆ ಅಷ್ಟರಲ್ಲಿ ಮಗು ಓಡಾಡುತ್ತಿರುತ್ತದೆ. ಇಂದೇ ತಾಯಿ ಕಾರ್ಡು ತೆಗೆದು ಖಾಲಿ ಮನೆ ಯಾವುದೆಂದು ನೋಡಿ. ಒಂದು ಕಂತು ತಪ್ಪಿದ್ದರೆ ಎಲ್ಲವೂ ಹಾಳಾಯಿತೆಂದಲ್ಲ. ಆರೋಗ್ಯ ಸಹಾಯಕಿಗೆ ತೋರಿಸಿದರೆ ಮುಂದಿನ ದಾರಿ ಹೇಳುತ್ತಾರೆ.

ಮನೆಯೊಳಗಿನ ಎರಡು ಸಂಗತಿ. ಒಂದು, ಹೊಗೆ. ಮಳೆಗಾಲದಲ್ಲಿ ಹಸಿ ಸೌದೆಯ ಬಚ್ಚಲೊಲೆಯ ಬಳಿ ಬಟ್ಟೆ ಒಣಗಿಸುತ್ತಾ ಮಗುವನ್ನೂ ಬೆಚ್ಚಗಿರಲೆಂದು ಅಲ್ಲೇ ಕೂರಿಸುತ್ತೇವೆ. ಬೆಚ್ಚಗಾಗುವುದು ನಿಜ, ಆದರೆ ಹೊಗೆ ಎಳೆಯ ಶ್ವಾಸಕೋಶವನ್ನು ಕೆಡಿಸಿ ನ್ಯುಮೋನಿಯಾಕ್ಕೆ ದಾರಿ ಮಾಡುತ್ತದೆ. ಬೀಡಿಯ ಹೊಗೆಯೂ ಹಾಗೆಯೇ. ಇನ್ನೊಂದು, ಬೈರಾಸು. ಮೂಗು ಒರೆಸಿದ ಅದೇ ಬೈರಾಸಿನಲ್ಲಿ ಮನೆಯವರೆಲ್ಲರೂ ಮುಖ ಒರೆಸಿಕೊಂಡರೆ ಶೀತ ಮನೆ ಸುತ್ತುತ್ತಲೇ ಇರುತ್ತದೆ. ಅಂಗನವಾಡಿಯಿಂದ ಬಂದ ಕೂಡಲೆ, ಊಟಕ್ಕೆ ಮೊದಲು, ಶೌಚದ ನಂತರ ಸಾಬೂನಿನಿಂದ ಕೈ ತೊಳೆಸಿ.

ಯಾವ ದಿನ ಕಳುಹಿಸಬೇಕು, ಯಾವ ದಿನ ಬೇಡ? ಬರಿಯ ಮೂಗು ಸೋರುತ್ತಿದ್ದು ಮಗು ಉಂಡು ಆಡುತ್ತಿದ್ದರೆ ಕಳುಹಿಸಬಹುದು. ಜ್ವರವಿದ್ದರೆ, ಔಷಧಿಯಿಲ್ಲದೆ ಜ್ವರ ಇಳಿದು ಒಂದು ದಿನ ಕಳೆಯುವ ತನಕ ಬೇಡ. ವಾಂತಿ-ಭೇದಿಯಿದ್ದರೂ ಬೇಡ. ಸೀತಾಳೆ ಸಿಡುಬಿಗೆ ಎಲ್ಲ ಗುಳ್ಳೆ ಒಣಗಿ ಹಕ್ಕಳೆಯಾಗಬೇಕು. ಬೆಳಿಗ್ಗೆ ಪ್ಯಾರಾಸಿಟಮೋಲ್ ಕೊಟ್ಟು ಮೈ ತಣ್ಣಗಾದಾಗ ಕಳುಹಿಸಿಬಿಡುವವರ ಕಷ್ಟ ನನಗೆ ಅರ್ಥವಾಗುತ್ತದೆ. ಅಡಿಕೆ ಸುಲಿಯುವ ಕೆಲಸ ಬಿಟ್ಟರೆ ಆ ದಿನದ ಸಂಬಳವಿಲ್ಲ. ಆದರೆ ಹನ್ನೊಂದು ಗಂಟೆಗೆ ಜ್ವರ ಮತ್ತೆ ಏರಿದಾಗ ಟೀಚರ್ ಕರೆ ಮಾಡುತ್ತಾರೆ, ಅಷ್ಟರಲ್ಲಿ ನಾಲ್ಕು ಮಕ್ಕಳಿಗೆ ತಾಗಿರುತ್ತದೆ. ಹತ್ತಿರದ ಎರಡು ಮೂರು ಮನೆಯವರು ಮೊದಲೇ ಮಾತನಾಡಿಕೊಂಡು, ಕಾಯಿಲೆಯ ಮಗುವನ್ನು ಯಾರ ಮನೆಯ ಹಿರಿಯರು ನೋಡಿಕೊಳ್ಳುವುದೆಂದು ಸರದಿ ಇಟ್ಟುಕೊಂಡರೆ ಸಂಬಳವೂ ಉಳಿದೀತು.

ಕಾಯಿಲೆ ಬಿಟ್ಟ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚು ಕೊಡಿ. ಗಂಜಿಗೆ ಒಂದು ಚಮಚ ತುಪ್ಪವೋ ತೆಂಗಿನೆಣ್ಣೆಯೋ ಸೇರಿಸಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ನೋಡುವ ದಿನ ನೀವೂ ಹೋಗಿ ಪಟ್ಟಿಯನ್ನು ಕೇಳಿ ನೋಡಿ. ಶೀತ ಎಷ್ಟು ಸಲ ಬಂದರೂ ನಡುವೆ ಮಗು ಚೆನ್ನಾಗಿ ಆಡುತ್ತಾ ತೂಕದ ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಚಿಂತೆ ಬೇಡ. ಎರಡು ತಿಂಗಳು ಗೆರೆ ಏರದೆ ನಿಂತರೆ, ಕೆಮ್ಮು ಎರಡು ವಾರ ದಾಟಿದರೆ, ಕಿವಿ ಸೋರುತ್ತಿದ್ದರೆ, ನ್ಯುಮೋನಿಯಾ ಎರಡನೆಯ ಸಲ ಬಂದರೆ, ಆ ಪಟ್ಟಿಯನ್ನೂ ತಾಯಿ ಕಾರ್ಡನ್ನೂ ಕೈಯಲ್ಲಿ ಹಿಡಿದುಕೊಂಡು ಮಕ್ಕಳ ವೈದ್ಯರನ್ನು ಕಾಣಿರಿ.