ನಾಲ್ಕು ಚಕ್ರಗಳ ಒಮ್ಮತ

ಸಕಲೇಶಪುರದ ಆಚೆ, ಘಟ್ಟದ ಅಂಚಿನಲ್ಲಿರುವ ನಮ್ಮ ತೋಟದ ಮನೆಯಿಂದ ಡಾಂಬರು ರಸ್ತೆಯನ್ನು ಸೇರಬೇಕಾದರೆ ಒಂದು ಏರನ್ನು ಹತ್ತಬೇಕು. ಬೇಸಗೆಯಲ್ಲಿ ಅದು ಏರೆಂದು ತೋರುವುದೇ ಇಲ್ಲ. ಆದರೆ ಆಷಾಢದ ಮಳೆ ಹಿಡಿದು ಎಂಟು ದಿನ ಕಳೆಯಿತೆಂದರೆ ಆ ಕೆಮ್ಮಣ್ಣು ಬೆಣ್ಣೆಯಂತಾಗುತ್ತದೆ. ಮನುಷ್ಯನ ಕಾಲೂ ಅಲ್ಲಿ ನಿಲ್ಲದು, ವಾಹನದ ಚಕ್ರವೂ ನಿಲ್ಲದು. ಪಟ್ಟಣದ ಓದುಗರಿಗೆ ಇದು ಅತಿಶಯೋಕ್ತಿಯೆನಿಸಬಹುದು. ಮಲೆನಾಡಿನವರು ಮಾತ್ರ ನಾನು ಕಡಮೆ ಹೇಳಿದೆನೆಂದೇ ಭಾವಿಸುವರು.

ನಮ್ಮಲ್ಲಿ ಒಂದು ಜೀಪಿತ್ತು. ಜೀಪೆಂದೊಡನೆ ಬೆಟ್ಟ ಹತ್ತುವ ವಾಹನವೆಂದು ಜನ ತಿಳಿಯುತ್ತಾರೆ. 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ಜೀಪು ಅಂಥದೇ ಸರಿ. ಆದರೆ ಮುಂಬಯಿಯಲ್ಲಿ ಜೀಪಿನ ಜೋಡಣೆ ಆರಂಭವಾದ ಮೇಲೆ, ಕಾಲಕ್ರಮದಲ್ಲಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಂಜಿನ್ನಿನ ಬಲ ಸಲ್ಲುವ ಜೀಪುಗಳೂ ನಮ್ಮ ದೇಶದಲ್ಲಿ ಬಂದವು. ನಮ್ಮದು ಆ ಜಾತಿಯದು. ಮುಂದಿನ ಚಕ್ರಗಳು ದಿಕ್ಕು ತೋರಿಸುವ ಮನೆಯ ಹಿರಿಯರಂತೆ. ದುಡಿಮೆಯೆಲ್ಲ ಹಿಂದಿನವುಗಳ ಪಾಲಿಗೆ.

1986ರ ಜುಲೈ ತಿಂಗಳ ಒಂದು ರಾತ್ರಿ ತಂದೆಯವರಿಗೆ ಉಸಿರು ಕಟ್ಟತೊಡಗಿತು. ತಮ್ಮ ಅವರನ್ನು ಜೀಪಿನಲ್ಲಿ ಮಲಗಿಸಿ ಹೊರಟ. ಏರಿನ ನಡುವೆ ಜೀಪು ನಿಂತಿತು. ಹಿಂದಿನ ಒಂದು ಚಕ್ರ ಕೆಸರನ್ನು ಎರಚುತ್ತ ಗಿರಗಿರನೆ ತಿರುಗುತ್ತಿತ್ತು. ಇನ್ನೊಂದು ಅಲುಗದೆ ನಿಂತಿತ್ತು. ಡಿಫರೆನ್ಷಿಯಲ್ಲಿನ ಸ್ವಭಾವವೇ ಹಾಗೆ. ಒಂದು ಚಕ್ರಕ್ಕೆ ನೆಲೆ ತಪ್ಪಿದರೆ, ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲವನ್ನು ಹಂಚಿ ಸುಮ್ಮನಾಗುತ್ತದೆ. ಕೊನೆಗೆ ತೋಟದ ಆಳುಗಳು ನಾಲ್ವರು ಕಂಬಳಿಯ ಜೋಲಿ ಮಾಡಿ, ಗೊರಬು ಹೊದಿಸಿ, ತಂದೆಯವರನ್ನು ಹೊತ್ತು ರಸ್ತೆ ಮುಟ್ಟಿಸಿದರು. ಪುಣ್ಯಕ್ಕೆ ಅವರು ಉಳಿದರು. ಜೀಪನ್ನು ನಾಲ್ಕು ಚಕ್ರದ್ದಾಗಿ ಮಾಡಿಸಿಯೇ ತೀರುವೆನೆಂದು ತಮ್ಮ ಆ ರಾತ್ರಿಯೇ ನಿಶ್ಚಯಿಸಿದ.

"ಎರಡು ಚಕ್ರ ಹತ್ತದ ಏರನ್ನು ನಾಲ್ಕು ಹತ್ತುತ್ತವೆಯೇನೋ? ಎಂಜಿನ್ ಅದೇ ತಾನೆ?" ಎಂದು ತಂದೆಯವರು ಆಕ್ಷೇಪಿಸಿದರು.

ನಾನು ಹಾಸನದಲ್ಲಿ ಮೇಷ್ಟ್ರಾಗಿದ್ದೆ. ರಜೆಯಲ್ಲಿ ಊರಿಗೆ ಹೋದಾಗ ಈ ಪ್ರಶ್ನೆಯನ್ನು ಗ್ಯಾರೇಜಿನ ಸಾಹೇಬರ ಮುಂದಿಟ್ಟೆ. ಅವರು ನಕ್ಕು, "ಬಲ ಹೆಚ್ಚೋದಿಲ್ಲ ಮೇಷ್ಟ್ರೇ. ಹಿಡಿತ ಹೆಚ್ಚುತ್ತೆ. ಇಬ್ಬರು ಹೊರೋ ಹೊರೇನ ನಾಲ್ಕು ಜನ ಹೊತ್ತ ಹಾಗೆ" ಎಂದರು. ಕಂಬಳಿಯ ಜೋಲಿ ನನ್ನ ಕಣ್ಣ ಮುಂದೆ ಬಂದಿತು.

ಇದು ನಮ್ಮ ಸಾಹೇಬರ ಹೊಸ ಕಲ್ಪನೆಯೇನಲ್ಲ. 1931ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಸ್ಥಾಪಿತವಾದ ಮಾರ್ಮನ್-ಹೆರಿಂಗ್ಟನ್ ಸಂಸ್ಥೆಯು, ಆ ದಶಕದಲ್ಲಿಯೇ ಸಾಧಾರಣ ಫೋರ್ಡ್ ಟ್ರಕ್ಕುಗಳನ್ನು ಎಲ್ಲ ಚಕ್ರಗಳಿಂದಲೂ ಓಡುವಂತೆ ಮಾರ್ಪಡಿಸುತ್ತಿತ್ತು. ಕೆಲಸದ ಸಾರ ಅಂದಿಗೂ ಇಂದಿಗೂ ಒಂದೇ. ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸೆಂಬ ಇನ್ನೊಂದು ಪೆಟ್ಟಿಗೆಯನ್ನು ಕೂಡಿಸಬೇಕು. ಬಂದ ಬಲವನ್ನು ಅದು ಹಿಂದಕ್ಕೂ ಮುಂದಕ್ಕೂ ಹಂಚುತ್ತದೆ. ಅದರಲ್ಲಿಯೇ ಇನ್ನೊಂದು ಜೊತೆ ಹಲ್ಲುಗಾಲಿಗಳಿದ್ದು, ವೇಗವನ್ನು ತಗ್ಗಿಸಿ ಎಳೆಯುವ ಶಕ್ತಿಯನ್ನು ಸುಮಾರು ಎರಡೂವರೆ ಪಾಲು ಮಾಡಿಕೊಡುತ್ತದೆ. ಪೆಟ್ಟಿಗೆ ಜಾಗ ಹಿಡಿಯುವುದರಿಂದ ಹಿಂದಿನ ಪ್ರೊಪೆಲರ್ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಬೇಕು. ಮುಂದಿನ ಬರಿಯ ಆಕ್ಸಲನ್ನು ತೆಗೆದು, ಡಿಫರೆನ್ಷಿಯಲ್ ಉಳ್ಳ ಆಕ್ಸಲನ್ನು ಹಾಕಬೇಕು. ಅದರ ಚಕ್ರಗಳು ಏಕಕಾಲಕ್ಕೆ ದುಡಿಯಲೂ ಬೇಕು, ಹೊರಳಲೂ ಬೇಕು. ಮುಂದಿನ ಶಾಫ್ಟು ಎಂಜಿನ್ನಿನ ಅಡಿಯ ಎಣ್ಣೆತೊಟ್ಟಿಗೆ ತಗಲದೆ ಪಕ್ಕದಲ್ಲಿ ಹಾದುಹೋಗಬೇಕು. ಆದುದರಿಂದಲೇ ಜೀಪಿನ ಮುಂದಿನ ಡಿಫರೆನ್ಷಿಯಲ್ ನಟ್ಟನಡುವೆ ಇರದೆ ಒಂದು ಮಗ್ಗುಲಿಗೆ ಸರಿದಿರುತ್ತದೆ.

ತಮ್ಮ ಬೆಂಗಳೂರಿನ ಗುಜರಿ ಅಂಗಡಿಗಳನ್ನು ಸುತ್ತಿ, ಹಳೆಯ ಜೀಪೊಂದರ ಟ್ರಾನ್ಸ್‌ಫರ್ ಕೇಸನ್ನೂ ಮುಂದಿನ ಆಕ್ಸಲನ್ನೂ ಹೊತ್ತು ತಂದ. ಹತ್ತು ದಿನಗಳಲ್ಲಿ ಜೋಡಣೆ ಮುಗಿಯಿತು. ಆದರೆ ಲಿವರ್ ಎಳೆದು ನಾಲ್ಕು ಚಕ್ರಗಳನ್ನೂ ಕೂಡಿಸಿದೊಡನೆ ಜೀಪು ನರಳಿತು. ಎತ್ತುಗಳು ನೊಗದಲ್ಲಿ ಜಗಳವಾಡಿದಂತೆ ಜಗ್ಗುತ್ತ ಹತ್ತು ಮಾರು ಹೋಗಿ ನಿಂತಿತು. ಲಿವರ್ ಹಿಂದಕ್ಕೂ ಬಾರದು.

ಸಾಹೇಬರು ಒಂದು ಕ್ಷಣ ಯೋಚಿಸಿ ನನ್ನತ್ತ ಕೈ ಚಾಚಿದರು: "ಸೀಮೆಸುಣ್ಣ ಇದೆಯಾ ಮೇಷ್ಟ್ರೇ?" ಜೇಬಿನಲ್ಲಿತ್ತು. ಜೀಪನ್ನು ಜಾಕಿಯ ಮೇಲೆ ಎತ್ತಿ, ಚಕ್ರಕ್ಕೂ ಶಾಫ್ಟಿಗೂ ಗುರುತು ಹಾಕಿ, ಹಿಂದಿನ ಎರಡು ಚಕ್ರಗಳನ್ನೂ ಒಟ್ಟಿಗೆ ಒಂದು ಸುತ್ತು ತಿರುಗಿಸಿದರು. ಶಾಫ್ಟು ಐದು ಸುತ್ತಿಗೆ ತುಸು ಕಡಮೆ ತಿರುಗಿತು. ಮುಂದಿನ ಚಕ್ರಗಳನ್ನು ತಿರುಗಿಸಿದರೆ ಶಾಫ್ಟು ಐದನ್ನೂ ದಾಟಿ ಇನ್ನೂ ಮೂರನೆಯ ಒಂದು ಪಾಲು ಹೋಯಿತು. ಬಿಚ್ಚಿ ನೋಡಿದಾಗ ರಹಸ್ಯ ತಿಳಿಯಿತು. ಹಿಂದಿನ ಕ್ರೌನಿಗೆ 39 ಹಲ್ಲು, ಪಿನಿಯನ್ನಿಗೆ 8; ಮುಂದಿನದರಲ್ಲಿ 43ಕ್ಕೆ 8. ಒಂದೇ ಗಾಡಿಗೆ ಕಟ್ಟಿದ ಎರಡು ಜೋಡಿಗಳಿಗೆ ಎರಡು ನಡಿಗೆ! ಆತುರದಲ್ಲಿ ಹಲ್ಲು ಎಣಿಸದೆ ತಂದ ತಪ್ಪು ನಮ್ಮದೇ. ಮುಂದಿನದಕ್ಕೂ 39 ಮತ್ತು 8ರ ಜೊತೆಯನ್ನು ಹುಡುಕಿ ಹಾಕುವಷ್ಟರಲ್ಲಿ ಇನ್ನೊಂದು ತಿಂಗಳು ಕಳೆಯಿತು. ಆಮೇಲೆ ಜೀಪು ಆ ಏರನ್ನು, ಮೇಲೇನೂ ಆಗದವರಂತೆ, ನಿಧಾನವಾಗಿ ಹತ್ತಿತು.

ಮಾರ್ಪಾಟನ್ನು ಸಾರಿಗೆ ಕಚೇರಿಗೆ ತಿಳಿಸಿ ಪುಸ್ತಕದಲ್ಲಿ ಬರೆಸಿದೆವು. ಇಂದು ಕಾಲ ಬೇರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂಥ ಮಾರ್ಪಾಟು ಸಲ್ಲದು. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಆದುದರಿಂದ ಇದನ್ನು ಅನುಕರಿಸಿರೆಂದು ನಾನು ಯಾರಿಗೂ ಹೇಳಲಾರೆ.

ಜೀಪನ್ನು ಒಪ್ಪಿಸುವಾಗ ಸಾಹೇಬರು ಒಂದು ಎಚ್ಚರಿಕೆ ಕೊಟ್ಟಿದ್ದರು: "ಡಾಂಬರು ಸಿಕ್ಕಿದ ಕೂಡಲೇ ಲಿವರ್ ಬಿಡಿಸಿ." ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ಕೆಸರಿನಲ್ಲಾದರೆ ಒಂದಿಷ್ಟು ಜಾರಿ ಆ ವ್ಯತ್ಯಾಸವನ್ನು ಕಳೆದುಕೊಳ್ಳುತ್ತವೆ. ಗಟ್ಟಿ ನೆಲದಲ್ಲಿ ಜಾರಲಾರದೆ, ಬಿಗಿತವೆಲ್ಲ ಹಲ್ಲುಗಳ ಮೇಲೆ ಬೀಳುತ್ತದೆ. ಕಷ್ಟಕ್ಕೆಂದು ಕೂಡಿದ ಕೂಟ ಸುಖದಲ್ಲಿ ಸಡಿಲವಾಗದಿದ್ದರೆ ಮುರಿಯುತ್ತದೆ.

ಎರಡು ವರ್ಷಗಳ ಅನಂತರ, ಮತ್ತೊಂದು ಮಳೆಗಾಲದ ರಾತ್ರಿ, ತಂದೆಯವರಿಗೆ ಮತ್ತೆ ಉಸಿರು ಕಟ್ಟಿತು. ಆ ಸಲ ನಾನೂ ಜೊತೆಯಲ್ಲಿದ್ದೆ. ಏರು ಯಾವಾಗ ಕಳೆಯಿತೋ ತಿಳಿಯಲಿಲ್ಲ. ರಸ್ತೆ ಮುಟ್ಟಿದೊಡನೆ ತಮ್ಮ ಗಾಬರಿಯಲ್ಲಿ ವೇಗ ಹೆಚ್ಚಿಸಿದ. ನನ್ನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದ ತಂದೆಯವರು ತಡೆತಡೆದು ಕೇಳಿದರು:

"ಲಿವರ್ ಬಿಡಿಸಿದೆಯೇನೋ?"